ಹಿಡಿಯ ಒಳಗಿನ ಅಂಕಿ

ಲೊವೆಲ್ ಟ್ರಸ್ಕಟ್‌ನ ಹತ್ತಿರ ಹನ್ನೊಂದು ಕೈಬಂದೂಕುಗಳಿದ್ದವು. ಹನ್ನೆರಡನೆಯದು ಬೇಕೆಂಬ ಆಸೆ ಯಾವಾಗ ಬಿಟ್ಟುಹೋಯಿತೆಂದು ಅವನಿಗೇ ನೆನಪಿರಲಿಲ್ಲ. ಒಂದು ಕಾಲದಲ್ಲಿ ಬೀರುವಿನ ಬಾಗಿಲ ಒಳಬದಿಯಲ್ಲಿ ಅಂಟಿಸಿದ್ದ ರಟ್ಟಿನ ಮೇಲೆ ಹದಿನಾಲ್ಕು ಹೆಸರುಗಳಿದ್ದವು. ಸಿಕ್ಕ ಹಾಗೆಲ್ಲ ಒಂದೊಂದಕ್ಕೆ ಅಡ್ಡಗೆರೆ ಎಳೆಯುತ್ತ ಬಂದಿದ್ದ. ಕೊನೆಯ ಕೆಲವನ್ನು ಸಿಗದೆಯೇ ಹೊಡೆದುಹಾಕಿದ್ದ. ಉದ್ದ ನಳಿಗೆಯ, ಮರದ ಪೆಟ್ಟಿಗೆ ಸಮೇತ ಬರುವ ಗುರಿಕಾರರ ಪಿಸ್ತೂಲಿಗೆ ಇಪ್ಪತ್ತು ವರ್ಷ ಕಾದಿದ್ದ. ಹೋದ ಚಳಿಗಾಲದಲ್ಲಿ ಯಾರೋ ಅದನ್ನು ಮಾರಲು ತಂದಾಗ ಕೈಗೆತ್ತಿಕೊಂಡು, ತೂಕ ನೋಡಿ, ಚೆನ್ನಾಗಿದೆ ಎಂದು ಹೇಳಿ ವಾಪಸು ಕೊಟ್ಟು, ಮನೆಗೆ ಬಂದು ಗೆರೆ ಎಳೆದಿದ್ದ. ಅದನ್ನು ನೆಟ್ಟಗೆ ಹಿಡಿಯುವ ಕೈ ಈಗ ಅವನದಾಗಿರಲಿಲ್ಲ. ಎಪ್ಪತ್ತೆರಡಕ್ಕೇ ಬಲಗೈ ನಡುಗಲು ಶುರುವಾಗಿತ್ತು.

ಇದ್ದ ಹನ್ನೊಂದು ಅವನಿಗೆ ಸಾಕಾಗಿದ್ದವು. ಸಂಜೆ ಬೀರು ತೆರೆದು, ಹಸಿರು ಉಣ್ಣೆಬಟ್ಟೆ ಹಾಸಿದ ಖಾನೆಗಳನ್ನು ಒಂದೊಂದಾಗಿ ಎಳೆದು ನೋಡಿ ಮುಚ್ಚುತ್ತಿದ್ದ. ಎಣ್ಣೆಯ ವಾಸನೆ, ನೀಲಿಗಪ್ಪು ಉಕ್ಕು, ಅಕ್ರೋಟು ಮರದ ಹಿಡಿಗಳು. ಅದರಲ್ಲಿ ಒಂದನ್ನು ಮಾತ್ರ ನೋಡಿದಾಗ ಮನಸ್ಸು ಮುದುಡುತ್ತಿತ್ತು. ರಟ್ಟಿನ ತುದಿಯಲ್ಲಿ ಗೆರೆ ಬೀಳದೆ ಉಳಿದ ಒಂದೇ ಒಂದು ಸಾಲು ಅದಕ್ಕೆ ಸಂಬಂಧಿಸಿದ್ದು. ಅದು ಬಂದೂಕಿನ ಹೆಸರೂ ಅಲ್ಲ. ‘ನನ್ನ ಹಿಡಿ’ ಎಂದಷ್ಟೇ ಬರೆದಿತ್ತು.

ಪಶ್ಚಿಮ ಪೆನ್ಸಿಲ್ವೇನಿಯಾದ ಆ ನದಿತೀರದ ಊರಿನಲ್ಲಿ ಗಾಜಿನ ಕಾರ್ಖಾನೆ ನಡೆಯುತ್ತಿದ್ದ ಕಾಲದಿಂದಲೂ ಪ್ರತಿ ಮಂಗಳವಾರ ಸಂಜೆ ಬೇಟೆ ಸಂಘದ ನೆಲಮಾಳಿಗೆಯಲ್ಲಿ ಗುರಿಪಂದ್ಯ ನಡೆಯುತ್ತದೆ. ಲೊವೆಲ್ ಕಾರ್ಖಾನೆಯಲ್ಲಿ ಹತಾರಗಳಿಗೆ ಸಾಣೆ ಹಿಡಿಯುತ್ತಿದ್ದ. ಅವನ ಗೆಳೆಯ ಮೈಲೋ ಕೊವಾಚ್ ಅಲ್ಲೇ ಕುಲುಮೆಯ ಹತ್ತಿರ ಕೆಲಸಕ್ಕಿದ್ದ. ಇಬ್ಬರೂ ಪಂದ್ಯಕ್ಕೆ ಸೇರಿದ್ದು ಒಂದೇ ವರ್ಷ, ನಿಂತು ಗುರಿಯಿಟ್ಟದ್ದು ಅಕ್ಕಪಕ್ಕದ ಅಂಕಣಗಳಲ್ಲಿ. ತನ್ನ ಗುರಿಯ ಕಾಗದಕ್ಕೆ ತಾನೇ ಅಂಕ ಹಾಕಿಕೊಳ್ಳುವಂತಿಲ್ಲ. ಪಕ್ಕದವನು ತೂತು ಎಣಿಸಿ, ಅಂಕ ಬರೆದು, ಕೆಳಗೆ ಸಹಿ ಹಾಕಬೇಕು. ಹಾಗೆ ಸುಮಾರು ಮೂವತ್ತು ವರ್ಷ ಲೊವೆಲ್‌ನ ಕಾಗದದ ಮೇಲೆ ಮೈಲೋನ ದಪ್ಪಕ್ಷರದ ಸಹಿ ಇತ್ತು, ಮೈಲೋನ ಕಾಗದದ ಮೇಲೆ ಲೊವೆಲ್‌ನದು.

ರಿವಾಲ್ವರನ್ನೂ ಇಬ್ಬರು ಒಂದೇ ದಿನ ತಂದಿದ್ದರು. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ರೈಲ್ವೆಯವರು ಕಾವಲುಗಾರರ ಹಳೆಯ ರಿವಾಲ್ವರುಗಳನ್ನು ವಿಲೇವಾರಿ ಮಾಡಿದಾಗ ಎರಡು ತಂದು, ಲೊವೆಲ್‌ನ ಅಡುಗೆಮನೆಯಲ್ಲೇ ಅವುಗಳ ಗಟ್ಟಿ ಜಿಡ್ಡು ಒರೆಸಿದ್ದರು. ಒಂದೇ ತಾಯಿಯ ಮಕ್ಕಳಂಥ ಜೋಡಿ. ಅಂಥ ಹಳೆಯ ರಿವಾಲ್ವರಿನಲ್ಲಿ ಉಕ್ಕಿನ ಮೇಲೆ ಒತ್ತಿದ ಅಂಕಿಯೇ ಹಿಡಿಯ ಬಲಗಡೆಯ ಮರದ ಒಳಮೈಯಲ್ಲೂ ಇರುತ್ತದೆ. ಎರಡೂ ತಾಳೆಯಾದರೆ ಅದು ಕಾರ್ಖಾನೆಯಿಂದ ಹೊರಟ ಹಾಗೇ ಇದೆ ಎಂದರ್ಥ. ಸಂಗ್ರಹಿಸುವವರಿಗೆ ಅದು ಬಹಳ ದೊಡ್ಡ ಮಾತು.

ಆದರೆ ಲೊವೆಲ್ ಮೂವತ್ತು ವರ್ಷ ಅದನ್ನು ಬಿಚ್ಚಿ ನೋಡಿರಲಿಲ್ಲ. ಸುಮ್ಮಸುಮ್ಮನೆ ಬಿಚ್ಚಿದರೆ ಸ್ಕ್ರೂವಿನ ತಲೆ ಕೆಡುತ್ತದೆಂಬ ಮಡಿ ಅವನದು. ಹನ್ನೊಂದು ವರ್ಷದ ಹಿಂದೆ ಒಂದು ದಿನ, ಅದಕ್ಕೆಂದೇ ಸಾಣೆ ಹಿಡಿದುಕೊಂಡ ಸ್ಕ್ರೂಡ್ರೈವರಿನಿಂದ ಬಿಚ್ಚಿ ನೋಡಿದರೆ ಅಂಕಿ ಬೇರೆ. ಕೊನೆಯ ಮೂರು ಅಂಕಿ ನಾನೂರ ಹದಿನೆಂಟು ಇರಬೇಕಾದಲ್ಲಿ ನಾನೂರ ಮೂವತ್ತೊಂದು ಇತ್ತು. ಅದು ಮೈಲೋನ ಅಂಕಿ. ಒಮ್ಮೆ ಸ್ಪ್ರಿಂಗ್ ಬದಲಾಯಿಸಲು ಎರಡನ್ನೂ ಮೈಲೋ ತನ್ನ ಮನೆಗೆ ಒಯ್ದಿದ್ದ. ಲೊವೆಲ್‌ಗೆ ಅಷ್ಟು ಸಾಕಾಯಿತು. ಮೈಲೋನ ಹಿಡಿಯ ಮರದಲ್ಲಿ ಗೆರೆಗಳು ಹೆಚ್ಚು ಸೊಗಸಾಗಿವೆ ಎಂದು ಮೊದಲಿಂದಲೂ ಅವನಿಗೊಂದು ಅನುಮಾನ. ಮುಂದಿನ ಮಂಗಳವಾರ, ಕಾಫಿಯ ಪಾತ್ರೆಯ ಸುತ್ತ ಇಪ್ಪತ್ತು ಜನ ನಿಂತಿದ್ದಾಗ, ಕಳ್ಳನ ಕೈಗೆ ನನ್ನ ಕಾಗದ ಕೊಡುವುದಿಲ್ಲ ಎಂದುಬಿಟ್ಟ. ಮೈಲೋ ಅವನನ್ನೊಮ್ಮೆ ನೋಡಿ, ತನ್ನ ಪೆಟ್ಟಿಗೆ ಎತ್ತಿಕೊಂಡು ಕೊನೆಯ ಅಂಕಣಕ್ಕೆ ಹೋಗಿ ನಿಂತ. ಅಂದಿನಿಂದ ಅಲ್ಲೇ ನಿಲ್ಲುತ್ತಿದ್ದ. ಲೊವೆಲ್ ಮನೆಗೆ ಬಂದು ಹೆಂಡತಿ ಆರ್ಡಿತ್‌ಗೆ, ಇನ್ನು ಈ ಮನೆಯಲ್ಲಿ ಆ ಮನುಷ್ಯನ ಹೆಸರೆತ್ತಬೇಡ ಎಂದ. ಯಾಕೆಂದು ಹೇಳಲಿಲ್ಲ. ಅವಳೂ ಕೆದಕಲಿಲ್ಲ.

ಈ ಮಾರ್ಚ್‌ನಲ್ಲಿ ಲೊವೆಲ್ ಚೀಟಿ ಬರೆಸಲು ಕೂತ. ಮಗಳು ಲಿನೆಟ್‌ಗೆ ಒಂದು ಬಂದೂಕಿನಿಂದ ಇನ್ನೊಂದನ್ನು ಗುರುತಿಸಲು ಬಾರದು. ನಾಳೆ ತಾನು ಇಲ್ಲವಾದ ಮೇಲೆ ಯಾವುದು ಏನು, ಎಲ್ಲಿಂದ ಬಂತು ಎಂಬುದು ಅವಳಿಗೆ ತಿಳಿದಿರಲಿ ಎಂದು ಒಂದೊಂದಕ್ಕೂ ದಾರ ಕಟ್ಟಿದ ರಟ್ಟಿನ ಚೀಟಿ. ಅವನ ಅಕ್ಷರ ಈಗ ಯಾರಿಗೂ ಓದಲಾಗುತ್ತಿರಲಿಲ್ಲ. ಅವನು ಹೇಳಿದ, ಆರ್ಡಿತ್ ಬರೆದಳು. ಶಾಲೆಯ ಅಡುಗೆಮನೆಯಲ್ಲಿ ದಿನದ ಊಟದ ಪಟ್ಟಿ ಬರೆದು ಪಳಗಿದ ದುಂಡಗಿನ ಅಕ್ಷರ. ಸೋಮವಾರ ಮಧ್ಯಾಹ್ನ ಎಂಟು ಚೀಟಿ ಮುಗಿಯುವಷ್ಟರಲ್ಲಿ ಇಬ್ಬರಿಗೂ ದಣಿವಾಗಿತ್ತು. ಒಂಬತ್ತನೆಯದು ರೈಲ್ವೆಯ ರಿವಾಲ್ವರು.

“ಬರಿ,” ಎಂದ ಲೊವೆಲ್. “ಹಿಡಿಯ ಮರ ಇದರದ್ದಲ್ಲ. ಎಂ.ಕೆ. ಬದಲಾಯಿಸಿಕೊಂಡದ್ದು.”

ಆರ್ಡಿತ್ ಪೆನ್ನು ಕೆಳಗಿಟ್ಟಳು. “ಎಂ.ಕೆ. ಅಂದ್ರೆ ಮೈಲೋನಾ?”

“ಮತ್ತಿನ್ಯಾರು.”

“ಇದಕ್ಕಾ ನೀನು ಹನ್ನೊಂದು ವರ್ಷ ಅವನ ಹತ್ರ ಮಾತು ಬಿಟ್ಟಿದ್ದು?”

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣುಜ್ಜಿಕೊಂಡಳು. ಆಮೇಲೆ, ಹಾಲು ಕೆಟ್ಟಿದೆ ಎಂದು ಹೇಳುವಷ್ಟೇ ಸಹಜವಾಗಿ, “ಅದನ್ನ ಅದಲುಬದಲು ಮಾಡಿದ್ದು ನೀನೇ ಅಲ್ವಾ,” ಎಂದಳು.

ಅವಳಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಲಿನೆಟ್‌ಗೆ ಹಲ್ಲು ಬರುತ್ತಿದ್ದ ಸಮಯ. ಮಗು ರಚ್ಚೆ ಹಿಡಿದಿತ್ತು. ಆರ್ಡಿತ್ ಒಲೆಯ ಮುಂದಿದ್ದಳು. ಮೈಲೋ ಜಿಡ್ಡಿನ ಕೈಯಲ್ಲೇ ಮಗುವನ್ನೆತ್ತಿಕೊಂಡು ಅಡುಗೆಮನೆಯ ಉದ್ದಕ್ಕೂ ಓಡಾಡುತ್ತಿದ್ದ. ಲೊವೆಲ್ ಒಬ್ಬನೇ ಮೇಜಿನ ಮುಂದೆ ಕೂತು ನಾಲ್ಕೂ ಮರದ ತುಂಡುಗಳನ್ನು ಅವಳ ನೀಲಿ ಬಟ್ಟಲಿಗೆ ಹಾಕಿ ಎಣ್ಣೆ ಸವರಿದ್ದ, ತಾನೇ ತಿರುಗಿ ಕೂರಿಸಿದ್ದ. ಬಟ್ಟಲು ಜಿಡ್ಡಾಯಿತೆಂದು ಅವಳು ಬೈದಿದ್ದಳು. ಮಗುವಿನ ಹಳದಿ ಅಂಗಿಯ ಬೆನ್ನ ಮೇಲೆ ಮೈಲೋನ ಹೆಬ್ಬೆರಳಿನ ಕಪ್ಪು ಗುರುತು ಎಷ್ಟು ಒಗೆದರೂ ಹೋಗಲಿಲ್ಲ. ಮೇಲಟ್ಟದ ಪೆಟ್ಟಿಗೆಯಲ್ಲಿ ಆ ಅಂಗಿ ಈಗಲೂ ಇದೆ.

“ನೀನು ಯಾಕೆ ಇಷ್ಟು ದಿನ ಹೇಳ್ಲಿಲ್ಲ?” ಲೊವೆಲ್‌ನ ದನಿ ತೀರ ಸಣ್ಣದಾಗಿತ್ತು.

“ನೀನು ಏನಂತ ಕೇಳಿದ್ದೆ, ನಾನು ಹೇಳೋಕೆ?”

ಅವಳು ಆ ಚೀಟಿಯನ್ನು ಖಾಲಿಯಾಗಿಯೇ ಬಿಟ್ಟು, ಉಳಿದೆರಡನ್ನು ಬರೆದು ಮುಗಿಸಿದಳು. ಲೊವೆಲ್ ಹೇಳುತ್ತ ಹೋದ. ಎರಡು ಸಲ ತಪ್ಪು ಹೇಳಿದ, ಅವಳೇ ತಿದ್ದಿದಳು. ಊಟಕ್ಕೆ ಕೂತಾಗ ಎಂದಿನ ಪ್ರಾರ್ಥನೆಯ ಸರದಿ ಅವನದು. ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಎಂಬಲ್ಲಿಗೆ ಬಂದು ನಿಂತ. ಸೂಪು ಆರುತ್ತಿತ್ತು. ಆರ್ಡಿತ್ ಕಣ್ಣು ಮುಚ್ಚಿಕೊಂಡೇ ಕಾದಳು, ಅವಸರ ಮಾಡಲಿಲ್ಲ.

ಮರುದಿನ ಬೇಟೆ ಸಂಘದ ಹದಿನಾರು ಮೆಟ್ಟಿಲು ಇಳಿಯುವುದರಲ್ಲಿ ಅವನ ಮಂಡಿಗಳು ಎರಡು ಸಲ ಮುನಿದವು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈ ಕಂಬಿಯ ಮೇಲೆ. ಈ ಚಳಿಗಾಲ ಮುಗಿದ ಮೇಲೆ ಇಲ್ಲಿಗೆ ಬರುವುದನ್ನು ನಿಲ್ಲಿಸಬೇಕೆಂದು ಆಗಲೇ ತೀರ್ಮಾನಿಸಿದ್ದ. ಈ ಚಳಿಗಾಲದ ಪಂದ್ಯಗಳು ಇನ್ನು ಎರಡೇ ವಾರ ಉಳಿದಿದ್ದವು. ಹನ್ನೊಂದು ವರ್ಷದ ಹಿಂದೆ ಇಪ್ಪತ್ತು ಜನ ಸೇರುತ್ತಿದ್ದಲ್ಲಿ ಈಗ ಒಂಬತ್ತು ಜನ. ಮೈಲೋ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಹೊಟ್ಟೆ ಅಡ್ಡ ಬಂದು ಏದುಸಿರು ಬಿಡುತ್ತಿದ್ದ.

ಎಲ್ಲರೆದುರು ಆಡಿದ ಮಾತನ್ನು ಎಲ್ಲರೆದುರೇ ಹಿಂತೆಗೆದುಕೊಳ್ಳಬೇಕು ಎಂದು ಲೊವೆಲ್ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ. ಕಾಫಿ ಪಾತ್ರೆಯ ಹತ್ತಿರ ಹೋಗಿ ನಿಂತ.

“ಹನ್ನೊಂದು ವರ್ಷದ ಹಿಂದೆ ಇಲ್ಲೇ ನಿಂತ್ಕೊಂಡು ನಾನು ಮೈಲೋನ ಕಳ್ಳ ಅಂದಿದ್ದೆ. ಅದು ಸುಳ್ಳು. ಹಿಡಿ ಅದಲುಬದಲು ಮಾಡಿದ್ದು ನಾನೇ. ನೋಡದೆ ಮಾಡಿದ್ದು.”

ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ಆಗ ಇರಲೇ ಇಲ್ಲ. ಹೊಸದಾಗಿ ಸೇರಿದ್ದ ಅಂಚೆಯವನು ಪಕ್ಕದವನಿಗೆ, ಯಾವ ಹಿಡಿ, ಏನು ಕತೆ ಎಂದು ಪಿಸುಗುಟ್ಟಿದ. ಪಂದ್ಯ ನಡೆಸುವ ಬಡ್ ಫೆನ್ನೆಲ್ ಗಡಿಯಾರ ನೋಡಿ, ಶುರುಮಾಡಲು ಇನ್ನೂ ಹದಿನೈದು ನಿಮಿಷವಿದೆ, ಬೇಕಾದವರು ಕಾಫಿ ಕುಡಿಯಬಹುದು ಎಂದು ಯಾರೂ ಕೇಳದ ಸುದ್ದಿ ಹೇಳಿದ. ಮೈಲೋ ದಾರ ಕಟ್ಟುವುದನ್ನು ಮುಗಿಸಿ ತಲೆಯೆತ್ತಿದ.

“ನಂಗೊತ್ತಿತ್ತು,” ಎಂದ.

“ಯಾವಾಗಿಂದ?”

“ನೀನು ಬೈದ ದಿನಾನೇ. ಮನೆಗೆ ಹೋಗಿ ನಂದು ಬಿಚ್ಚಿ ನೋಡ್ದೆ. ಒಳಗೆ ನಿನ್ನ ಅಂಕಿ ಇತ್ತು.”

“ಮತ್ತೆ ತಂದು ತೋರಿಸ್ಬಾರ್ದಿತ್ತಾ ಮಾರಾಯ?”

“ಏನಂತ ತೋರಿಸ್ಲಿ? ನಿನ್ನ ಮರ ನನ್ನ ಬಂದೂಕಲ್ಲಿ. ನೋಡ್ರಪ್ಪಾ, ಕದ್ದ ಮಾಲು ಅವನೇ ತಂದ ಅಂತಿದ್ದೆ ನೀನು.”

ಅದು ನಿಜವೆಂದು ಲೊವೆಲ್‌ಗೆ ಹೊಳೆಯಿತು. ಮೈಲೋನ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತ. ಆರ್ಡಿತ್ ಹೇಗಿದ್ದಾಳೆಂದು ಮೈಲೋ ಕೇಳಿದ. ನೀಲಿ ಬಟ್ಟಲಿನ ವಿಷಯ ಅವಳೇ ಹೇಳಿದ್ದು ಎಂದ ಲೊವೆಲ್. ಲಿನೆಟ್‌ಳ ಅಂಗಿ ಕೆಡಿಸಿದ್ದಕ್ಕೆ ಅವಳು ನನ್ನ ಮೇಲೆ ಈಗಲೂ ಸಿಟ್ಟಾಗಿದ್ದಾಳಾ ಎಂದು ಮೈಲೋ ಕೇಳಿದ. ಇದ್ದಾಳೆ ಎಂದ ಲೊವೆಲ್.

ಆಮೇಲೆ ಲೊವೆಲ್ ಜೇಬಿನಿಂದ ಸ್ಕ್ರೂಡ್ರೈವರು ತೆಗೆದ. ಬಾಯಲ್ಲಿ ಕೇಳಲು ನಾಚಿಕೆ. ಕ್ಷಮೆ ಕೇಳಿದ ಬೆನ್ನಿಗೇ ಹೀಗೆ ಕೈಚಾಚುವುದು ಸರಿಯಲ್ಲವೆಂದು ಅವನಿಗೂ ಗೊತ್ತಿತ್ತು. ಆದರೆ ರಟ್ಟಿನ ಮೇಲಿನ ಆ ಒಂದು ಸಾಲು. ಮೈಲೋ ಸ್ಕ್ರೂಡ್ರೈವರನ್ನು ನೋಡಿ ಮೂಗಿನಲ್ಲೇ ನಕ್ಕ. ಕೆಲಸದ ಮೇಜಿನ ಹತ್ತಿರ ಹೋಗಿ, ತನ್ನ ರಿವಾಲ್ವರಿನ ಗುಂಡಿನ ಮನೆ ಹೊರಳಿಸಿ, ಖಾಲಿಯಿದೆಯೆಂದು ತೋರಿಸಿ, ಅದನ್ನು ಲೊವೆಲ್‌ನ ಮುಂದಿಟ್ಟ.

“ನೋಡ್ಕೋ. ಆದ್ರೆ ಬೇಜಾರು ಮಾಡ್ಕೋಬೇಡ.”

ಲೊವೆಲ್ ಹಿಡಿದ ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ಸೀಳಿನಲ್ಲಿ ನಿಲ್ಲಲಿಲ್ಲ. ಮೈಲೋ ಅವನ ಕೈ ಮೇಲೆ ತನ್ನ ಕೈಯಿಟ್ಟು ಒತ್ತಿ ಹಿಡಿದ. ಇಬ್ಬರ ಕೈಯಿಂದ ಸ್ಕ್ರೂ ತಿರುಗಿತು. ಬಲಗಡೆಯ ಮರ ಬಿಡಿಸಿ ಮಗುಚಿದರೆ ಅಂಕಿ ಅಲ್ಲೇ ಇತ್ತು. ನಾನೂರ ಹದಿನೆಂಟು. ಲೊವೆಲ್ ಅದನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಅದೇ ಮರದ ಗೆರೆಗಳಿದ್ದ ಎಡಗಡೆಯದನ್ನು ಎತ್ತಿಕೊಂಡ.

ಎಡಗಡೆಯ ಮರದ ಮೇಲ್ತುದಿಯಲ್ಲಿ ಯಾರೋ ಅರದಿಂದ ಉಜ್ಜಿ ಒಂದು ಗುಳಿ ತೋಡಿದ್ದರು. ನುಣುಪಾಗಿ, ಆಳವಾಗಿ. ಹಳೆಯ ಹೊಳಪೆಲ್ಲ ಅಲ್ಲಿ ಹೋಗಿ, ಕೈಬೆವರಿನಿಂದ ಕಪ್ಪಾಗಿತ್ತು.

“ಇದೇನಿದು?”

“ಹೆಬ್ಬೆರಳು ನೋಯ್ತಿತ್ತು. ಎಂಬತ್ತೊಂದರಲ್ಲೋ ಏನೋ ಅರ ಹಾಕ್ದೆ. ನಂದೇ ಅಂದ್ಕೊಂಡಿದ್ದೆ ಕಣೋ, ನಿಂದು ಅಂತ ಯಾರಿಗೆ ಗೊತ್ತಿತ್ತು.”

ಹಳೆಯ ಬಂದೂಕಿನ ಮರಕ್ಕೆ ಅರ ಹಾಕುವುದನ್ನು ಲೊವೆಲ್‌ನಂಥವನು ಕನಸಿನಲ್ಲೂ ಎಣಿಸಲಾರ. ಹನ್ನೊಂದು ವರ್ಷ ತಾನು ಹಂಬಲಿಸಿದ್ದು ಮೂವತ್ತೆಂಟು ವರ್ಷದ ಹಿಂದೆಯೇ ಇಲ್ಲವಾಗಿತ್ತು. ಸಿಟ್ಟು ಬರುತ್ತದೆಂದು ಕಾದ. ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಒಂದಿಷ್ಟು ಕಸುವು ಬೇಕಲ್ಲ. ಆ ಗುಳಿಯಲ್ಲಿ ತನ್ನ ಹೆಬ್ಬೆರಳಿಟ್ಟು ನೋಡಿದ. ಮೈಲೋನ ಹೆಬ್ಬೆರಳು ಕುಲುಮೆಯವನದು, ಅಗಲ. ಲೊವೆಲ್‌ನ ಬೆರಳು ಅದರಲ್ಲಿ ಅತ್ತಿತ್ತ ಹೊರಳಾಡಿತು.

“ಬೇಕಿದ್ರೆ ತಗೊಂಡ್ಹೋಗು,” ಎಂದ ಮೈಲೋ. “ಅಂಕಿಯಾದ್ರೂ ತಾಳೆ ಆಗುತ್ತೆ. ನಿನ್ನ ಬಂದೂಕಲ್ಲಿರೋದು ನಂಗೆ ಕೊಡು, ಅದಕ್ಕೆ ಇನ್ನೊಂದು ಅರ ಹುಡುಕ್ತೀನಿ.”

“ನಂದಕ್ಕೂ ಅರ ಹಾಕ್ತೀಯಾ?”

“ಅದು ನಂದಲ್ವಾ?”

ಆಗ ಲೊವೆಲ್‌ಗೆ ನಗು ಬಂತು. ಕೆಮ್ಮಿನಂತೆ ಶುರುವಾಗಿ ಕೆಮ್ಮಿನಲ್ಲೇ ಮುಗಿಯಿತು. ಎರಡೂ ಮರದ ತುಂಡುಗಳನ್ನು ಮೈಲೋನ ರಿವಾಲ್ವರಿಗೇ ತಿರುಗಿ ಕೂರಿಸಿದ. ಈ ಸಲ ಮೈಲೋ ಕೈಯಿಡಲಿಲ್ಲ. ಲೊವೆಲ್ ಸ್ಕ್ರೂ ಸಿಕ್ಕಿಸಲು ನಾಲ್ಕು ಸಲ ಪ್ರಯತ್ನಿಸಿದ. ಎಲ್ಲರೂ ಅಂಕಣಗಳಿಗೆ ಹೋಗುತ್ತಿದ್ದರು. ಬಡ್ ಫೆನ್ನೆಲ್ ಇತ್ತ ನೋಡಿ, ಹೆಸರು ಕೂಗುವುದನ್ನು ಸ್ವಲ್ಪ ತಡಮಾಡಿದ.

ಆ ಸಂಜೆ ಮೈಲೋ ತನ್ನ ಪೆಟ್ಟಿಗೆಯನ್ನು ಕೊನೆಯ ಅಂಕಣದಿಂದ ಎತ್ತಿಕೊಂಡು ಬಂದು ಲೊವೆಲ್‌ನ ಪಕ್ಕದಲ್ಲಿಟ್ಟ. ಹತ್ತು ಗುಂಡು, ಹತ್ತು ನಿಮಿಷ. ಲೊವೆಲ್‌ನ ತೂತುಗಳು ಕಾಗದದ ತುಂಬ ಚೆಲ್ಲಾಪಿಲ್ಲಿ. ಒಂದು ಕಾಗದವನ್ನೇ ಬಿಟ್ಟು ಎಲ್ಲೋ ಹೋಗಿತ್ತು. ಮೈಲೋ ಕನ್ನಡಕ ಏರಿಸಿ, ಒಂದೊಂದು ತೂತನ್ನೂ ಪೆನ್ಸಿಲಿನಿಂದ ಮುಟ್ಟುತ್ತ ಎಣಿಸಿದ. ಒಂದು ತೂತು ಗೆರೆಗೆ ತಾಗಿದೆಯೋ ಇಲ್ಲವೋ ಎಂಬ ಅನುಮಾನ. ತಾಗಿದ್ದರೆ ಎಂಟು, ಇಲ್ಲದಿದ್ದರೆ ಏಳು. ಅಳೆಯುವ ಕಡ್ಡಿ ತರಿಸಿ, ತೂತಿನೊಳಗಿಟ್ಟು, ಬಗ್ಗಿ ನೋಡಿದ. ನೋಡಿ ಏಳು ಎಂದು ಬರೆದ.

“ಒಂದು ಅಂಕ ಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಎಂದ ಲೊವೆಲ್.

“ತಾಗಿಲ್ಲ ಲೊವೆಲ್.”

ಹತ್ತಕ್ಕೂ ಸೇರಿ ಐವತ್ತೆಂಟು. ಲೊವೆಲ್ ಇಷ್ಟು ಕೆಟ್ಟದಾಗಿ ಎಂದೂ ಹೊಡೆದಿರಲಿಲ್ಲ. ಕೆಳಗೆ ಮೈಲೋನ ದಪ್ಪಕ್ಷರದ ಸಹಿ. ಸಂಘಕ್ಕೆ ಒಪ್ಪಿಸಬೇಕಾದ ಆ ಕಾಗದವನ್ನು ಲೊವೆಲ್ ಬಡ್‌ನ ಹತ್ತಿರ ಕೇಳಿ, ಮಡಚಿ ಜೇಬಿಗಿಟ್ಟುಕೊಂಡ.

ಮರುದಿನ ಬೆಳಿಗ್ಗೆ ಅವನು ಒಂಬತ್ತನೆಯ ಚೀಟಿ ಹೇಳಿ ಬರೆಸಿದ. ಈ ರಿವಾಲ್ವರಿನ ಹಿಡಿ ಮೈಲೋ ಕೊವಾಚ್‌ನದು, ಇದರ ಹಿಡಿ ಅವನ ಬಳಿ ಇದೆ, ತಪ್ಪು ನನ್ನದು, ಯಾರೂ ಸರಿಪಡಿಸಲು ಹೋಗಬೇಡಿ. ಆರ್ಡಿತ್ ಹಾಗೆಯೇ ಬರೆದು ದಾರ ಕಟ್ಟಿದಳು. ಬೀರುವಿನ ಬಾಗಿಲಿನ ರಟ್ಟನ್ನು ಕಿತ್ತು ತರಲೇ ಎಂದು ಕೇಳಿದಳು. ಬೇಡ, ಅದರ ಪಾಡಿಗೆ ಅದು ಇರಲಿ ಎಂದ ಲೊವೆಲ್. ಸಂಜೆ ಖಾನೆಗಳನ್ನು ಎಳೆದು ನೋಡಿ ಮುಚ್ಚಿದ. ಆಮೇಲೆ ಕುರ್ಚಿಯಲ್ಲೇ ನಿದ್ದೆ ಹೋದ. ಶುಕ್ರವಾರ ತಮ್ಮ ಚರ್ಚಿನಲ್ಲಿ ಎಲ್ಲರೂ ಸೇರಿ ಉಣ್ಣುವ ಮೀನೂಟಕ್ಕೆ ಇಬ್ಬರೂ ಬರಬೇಕು ಎಂದು ಮೈಲೋನ ಹೆಂಡತಿ ಫೋನು ಮಾಡಿದಾಗ ಎತ್ತಿಕೊಂಡದ್ದು ಆರ್ಡಿತ್. ಬರುತ್ತೇವೆ, ಆದರೆ ಅಲ್ಲಿ ಮೆಟ್ಟಿಲು ಎಷ್ಟಿವೆ ಎಂದು ಕೇಳಿಕೊಂಡಳು.