ಕಾಗದವಿಲ್ಲದ ಏರು

ನಮ್ಮ ಭಾವ ಮೂವತ್ತೆರಡು ವರ್ಷ ಅಂಚೆ ಹಂಚಿದವರು. ಕಡಲ ಪಕ್ಕದ ಈ ಗುಡ್ಡಗಳಲ್ಲಿ ಅವರ ಸೈಕಲ್ ಹತ್ತದ ದಾರಿಯಿಲ್ಲ, ಅವರನ್ನು ಅಟ್ಟಿಸಿಕೊಂಡು ಹೋಗದ ನಾಯಿಯಿಲ್ಲ. ನಿವೃತ್ತರಾದ ದಿನ ಕಚೇರಿಯಲ್ಲಿ ಅವರು ಮಾಡಿದ್ದು ಒಂದೇ ವಾಕ್ಯದ ಭಾಷಣ: "ನಿಯಮ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟವನಲ್ಲ ನಾನು." ಆ ವಾಕ್ಯವನ್ನು ಆಮೇಲೆ ಮನೆಯಲ್ಲೂ ಬೀದಿಯಲ್ಲೂ ಎಷ್ಟು ಸಲ ಹೇಳಿದರೆಂದರೆ, "ನಿಯಮ" ಅಂದ ಕೂಡಲೇ ನಮ್ಮಕ್ಕ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ನನ್ನದು ದೋಣಿಕಟ್ಟೆಯ ಎದುರು ಸೈಕಲ್ ಶಾಪ್. ಎರಡು ವರ್ಷದಿಂದ ಪೇಟೆಯ ಕಡೆಯಿಂದ ಮೌಂಟನ್ ಬೈಕಿನವರು ಬರತೊಡಗಿದ್ದರು. ನುಣ್ಣಗಿನ ಟಾರು ರಸ್ತೆ ಕಣ್ಣೆದುರೇ ಇದ್ದರೂ "ಕಲ್ಲು ಮುಳ್ಳು ಜಾಸ್ತಿ ಎಲ್ಲಿದೆ?" ಎಂದು ವಿಚಾರಿಸುವ ವಿಚಿತ್ರ ಜನ. ಅವರಿಗಾಗಿ ಗುಡ್ಡದಲ್ಲಿ ಮೂರು ದಾರಿ ಗುರುತಿಸಬೇಕೆಂದು ಪ್ರವಾಸ ಕಚೇರಿಯವರು ಹೊರಟರು. ದಾರಿ ಗೊತ್ತಿದ್ದವರು ಭಾವ ಒಬ್ಬರೇ. ಅವರ ಕೈಗೆ ಮೂರು ಡಬ್ಬಿ ಬಣ್ಣ ಕೊಟ್ಟು, ಸುಲಭದ ದಾರಿಗೆ ಹಸಿರು, ನಡುವಿನದಕ್ಕೆ ಹಳದಿ, ಕಷ್ಟದ್ದಕ್ಕೆ ಕೆಂಪು ಬಳಿಯಿರಿ ಎಂದರು. ಭಾವ ಹದಿನೈದು ದಿನ ಬೆಳಿಗ್ಗೆಯೇ ಹೊರಟು ಕಂಡ ಕಂಡ ಕಲ್ಲಿಗೆಲ್ಲ ಬಾಣದ ಗುರುತು ಬಳಿದು ಬಂದರು.

ಮೊದಲ ಭಾನುವಾರವೇ ಹೆಲ್ಮೆಟ್ಟು ಕೈಗವಸಿನ ಗೃಹಸ್ಥನೊಬ್ಬ ಬೈಕನ್ನು ಹೆಗಲ ಮೇಲೆ ಹೊತ್ತುಕೊಂಡು ನನ್ನ ಅಂಗಡಿಗೆ ಬಂದ. ಮುಂದಿನ ರಿಮ್ಮು ಸೊಟ್ಟಗಾಗಿತ್ತು, ಮೈತುಂಬ ಮುಳ್ಳು. ಭಾವ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು.

"ಹಸಿರು ಅಂದ್ರೆ ಸುಲಭ ತಾನೇ?" ಎಂದು ಆತ ಕೂಗಾಡಿದ. "ಆ ದಾರಿ ಬಂಡೆ ಮೇಲಿಂದ ಸೀದಾ ಸಮುದ್ರಕ್ಕೆ ಇಳಿಯುತ್ತಲ್ಲ ಸ್ವಾಮಿ!"

"ಇಳಿಯುತ್ತೆ," ಎಂದರು ಭಾವ, ಸಮಾಧಾನವಾಗಿ. "ಆದ್ರೆ ದಾರಿಯುದ್ದಕ್ಕೂ ಒಂದೇ ಒಂದು ನಾಯಿ ಸಿಕ್ತಾ, ಹೇಳಿ?"

ಆಗ ಬಯಲಾಯಿತು. ಭಾವ ಅಳೆದದ್ದು ಅಂಚೆಯವನ ಲೆಕ್ಕದಲ್ಲಿ. ನಾಯಿಯಿಲ್ಲದ ದಾರಿ ಸುಲಭ, ಕಟ್ಟಿಹಾಕಿದ ನಾಯಿಯ ದಾರಿ ನಡುವಿನದು. ಇನ್ನು ಕೆಂಪು ಬಳಿದ ದಾರಿ ಉಪ್ಪುಗದ್ದೆಯ ಪಕ್ಕದ್ದು, ಅಂಗೈಯಷ್ಟು ಸಪಾಟು. ಅದು ಯಾಕೆ ಕಷ್ಟ ಎಂದರೆ, ಅದರ ಕೊನೆಯಲ್ಲಿ ನಿವೃತ್ತ ಟೀಚರಮ್ಮನ ಮನೆಯಿದೆ. ಆಕೆ ಮಂಡಿನೋವಿನಿಂದ ಮಾತು ಶುರುಮಾಡಿದರೆ ಒಂದು ಗಂಟೆ ಕಳೆಯುವ ಮೊದಲು ಯಾರನ್ನೂ ಬಿಟ್ಟ ದಾಖಲೆಯಿಲ್ಲ. ಎದೆಗಾರರೆಂದುಕೊಂಡು ಕೆಂಪು ದಾರಿ ಹಿಡಿದ ಇಬ್ಬರು ಹುರಿಯಾಳುಗಳು ಸಂಜೆಯವರೆಗೂ ವಾಪಸಾಗಲಿಲ್ಲ. ಬಂದಾಗ ಬೈಕಿಗೆ ಏನೂ ಆಗಿರಲಿಲ್ಲ, ಮುಖ ಮಾತ್ರ ಇಳಿದುಹೋಗಿತ್ತು. ರಿಮ್ಮು ಸೊಟ್ಟಗಾದಷ್ಟೂ ನನಗೆ ವ್ಯಾಪಾರ, ಆದ್ದರಿಂದ ನಾನು ತುಟಿ ಬಿಚ್ಚಲಿಲ್ಲ.

ದೂರು ಹೋಯಿತು. ಇಳಿಜಾರು ಅಳೆಯುವ ಯಂತ್ರ ಹಿಡಿದು ಇಂಜಿನಿಯರಮ್ಮ ಒಬ್ಬರು ಬಂದರು. ಚಿಕ್ಕ ವಯಸ್ಸು, ಚುರುಕು ಮಾತು. ಹಸಿರನ್ನು ಕೆಂಪು ಮಾಡಿದರು, ಕೆಂಪನ್ನು ಹಸಿರು ಮಾಡಿದರು. ಭಾವ ಎಲ್ಲದಕ್ಕೂ "ಆಗ್ಲಿ ಮೇಡಂ" ಎಂದು ತಲೆಯಾಡಿಸಿದರು. ಜಗಳ ಹತ್ತಿಕೊಂಡದ್ದು ಹಳದಿ ದಾರಿಯಲ್ಲಿ. ಅದು ಅರ್ಧ ಗುಡ್ಡದಲ್ಲಿ ಇದ್ದಕ್ಕಿದ್ದಂತೆ ಬಲಕ್ಕೆ ತಿರುಗಿ, ಏದುಸಿರು ಬಿಡಿಸುವ ಏರು ಹತ್ತಿ, ನಾಲ್ಕು ಕಲ್ಲಿನ ಮೆಟ್ಟಿಲು ಮುಟ್ಟಿ, ಅದೇ ಏರನ್ನು ವಾಪಸ್ ಇಳಿಯುತ್ತದೆ. ಮೆಟ್ಟಿಲ ಮೇಲೆ ಮನೆಯಿಲ್ಲ. ಬರೀ ಗಾಳಿ.

"ಇದನ್ನ ತೆಗೀಬೇಕು," ಎಂದರು ಇಂಜಿನಿಯರಮ್ಮ.

"ಅದೊಂದು ಇರ್ಲಿ ಮೇಡಂ. ನೋಟ ಚೆನ್ನಾಗಿದೆ."

ನೋಟವೆಂದರೆ ಮುಚ್ಚಿಹೋದ ಕಲ್ಲುಕೋರೆಯ ಚೂರುಗಲ್ಲಿನ ರಾಶಿ. ಸಮುದ್ರ ಅದರ ಹಿಂದೆಲ್ಲೋ ಅಡಗಿದೆ. ಆಮೇಲೆ ಭಾವ ಗಾಳಿ ಚೆನ್ನಾಗಿದೆ ಎಂದರು, ಮೈಗೆ ವ್ಯಾಯಾಮ ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೆ ಇಂಜಿನಿಯರಮ್ಮ ಕಡ್ಡಿ ಮುರಿದ ಹಾಗೆ ಹೇಳಿದರು: ನಕ್ಷೆ ಸೋಮವಾರ ಅಚ್ಚಿಗೆ ಹೋಗುತ್ತದೆ, ಪ್ರತಿಯೊಂದು ತಿರುವಿಗೂ ಫಾರಮ್ಮಿನಲ್ಲಿ ಕಾರಣ ಬರೆಯಬೇಕು. ಶನಿವಾರದೊಳಗೆ ಸರಿಯಾದ ಕಾರಣ ಸಿಗದಿದ್ದರೆ ಆ ಏರು ನಕ್ಷೆಯಲ್ಲಿರುವುದಿಲ್ಲ. ಭಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಆ ಮೆಟ್ಟಿಲ ಮೇಲೆ ಒಂದು ಕಾಲದಲ್ಲಿ ನಮ್ಮ ಮನೆಯಿತ್ತು. ಅಪ್ಪ ಕಲ್ಲುಕೋರೆಯ ಮೇಸ್ತ್ರಿ. ನಮಗೆ ವರ್ಷಕ್ಕೆ ನಾಲ್ಕು ಕಾಗದ ಬಂದರೆ ಹೆಚ್ಚು. ಹೀಗಿರುವಾಗ ಹೊಸದಾಗಿ ಬಂದ ಅಂಚೆಯಣ್ಣ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಆ ಏರು ಹತ್ತಿ, ಬೆವರು ಒರೆಸಿಕೊಂಡು, ಮೆಟ್ಟಿಲ ಕೆಳಗೆ ನಿಂತು, "ಇವತ್ತು ಕಾಗದ ಇಲ್ಲ" ಎಂದು ಹೇಳಿ ಹೋಗತೊಡಗಿದ. ಅಪ್ಪನಿಗೆ ಆನಂದವೋ ಆನಂದ. "ಇಲ್ಲ ಅನ್ನೋದನ್ನೂ ಬಂದು ಹೇಳ್ತಾರೆ ನೋಡು. ಇಲಾಖೆ ಅಂದ್ರೆ ಹೀಗಿರ್ಬೇಕು!" ಹದಿನಾಲ್ಕು ತಿಂಗಳು ಕಳೆದ ಮೇಲೆ, ಇಷ್ಟು ನಿಯಮದ ಮನುಷ್ಯ ದೀಪ ಹಿಡಿದು ಹುಡುಕಿದರೂ ಸಿಗುವುದಿಲ್ಲವೆಂದು ಅಕ್ಕನನ್ನು ಅವರಿಗೇ ಕೊಟ್ಟ.

ಅಂಚೆಯಣ್ಣನ ನಿಯಮ ಯಾವುದೆಂದು ನನಗೆ ಮೊದಲ ವಾರವೇ ತಿಳಿದಿತ್ತು. ನನಗಾಗ ಹತ್ತೊಂಬತ್ತು, ಬೇರೆಯವರ ಸೈಕಲ್ ಶಾಪಿನಲ್ಲಿ ಕೆಲಸ. ಆ ವಯಸ್ಸಿನಲ್ಲಿ ಕನ್ನಡಿಯ ಮುಂದೆ ನಿಲ್ಲುವ ಚಪಲ ಜಾಸ್ತಿ. ಆದರೆ ನಾನು ಹೊರಡುವ ಹತ್ತು ಗಂಟೆಗೆ ಸರಿಯಾಗಿ ಮನೆಯಲ್ಲಿದ್ದ ಒಂದೇ ಬಾಚಣಿಗೆ ದಿನಾ ಮಾಯವಾಗುತ್ತಿತ್ತು. ತಲೆಕೆದರಿಕೊಂಡೇ ಹೋಗಿ, "ಗುಬ್ಬಿಗೂಡು" ಅನ್ನಿಸಿಕೊಂಡೆ. ಆ ಅಡ್ಡಹೆಸರು ಇವತ್ತಿಗೂ ಬಿಟ್ಟಿಲ್ಲ, ಕೂದಲು ಬಿಟ್ಟುಹೋಗಿದೆ.

ಭಾವ ಮಾತ್ರ ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ, ಯಾರಿಗೂ ಗೊತ್ತಿಲ್ಲವೆಂದೇ ಇಷ್ಟು ವರ್ಷ ನಂಬಿಕೊಂಡಿದ್ದರು. ಅಕ್ಕನಿಗೂ ಹೇಳಿರಲಿಲ್ಲ.

ಶನಿವಾರ ಕೊನೆಯ ತನಿಖೆ. ಇಂಜಿನಿಯರಮ್ಮ, ಭಾವ ಮತ್ತು ನಾನು ಸೈಕಲ್ ತಳ್ಳಿಕೊಂಡು ಏರು ಹತ್ತಿದೆವು. ನೀರಿನ ಬಾಟಲಿ ಹಿಡಿದು ಅಕ್ಕನೂ ಬಂದಳು, ಊಟ ಬಿಟ್ಟ ಮನುಷ್ಯ ತಲೆತಿರುಗಿ ಬಿದ್ದಾರು ಎಂದು. ಇಂಜಿನಿಯರಮ್ಮ ಫಾರಮ್ಮು ತೆಗೆದು ಪೆನ್ನು ಹಿಡಿದರು.

"ಕೊನೇ ಸಲ ಕೇಳ್ತಾ ಇದೀನಿ. ಈ ಏರು ಯಾಕೆ?"

ಭಾವ ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ನಾನು ಬಗ್ಗಿ, ಸರಿಯಾಗಿಯೇ ಇದ್ದ ಬ್ರೇಕನ್ನು ಪರೀಕ್ಷಿಸತೊಡಗಿದೆ. ನಿಜ ಹೇಳಬೇಕೆಂದರೆ ನನಗೆ ಸಂಕಟವಾಯಿತು. ಆ ಮನುಷ್ಯನ ಹತ್ತಿರ ಜಂಬಪಡಲು ಇದ್ದದ್ದು ಅದೊಂದೇ ವಾಕ್ಯ. ಏರು ಉಳಿಯಬೇಕಾದರೆ ಅದನ್ನು ತಾನೇ ಸುಳ್ಳೆನ್ನಬೇಕು.

"ಇದು ನನ್ನ ದಿನದ ಬೀಟೇ ಅಲ್ಲ ಮೇಡಂ," ಎಂದರು ಕೊನೆಗೆ, ನೆಲ ನೋಡುತ್ತ. "ಕಾಗದ ಇದ್ರೆ ಮಾತ್ರ ಹತ್ತಬೇಕಿತ್ತು. ನಾನು ಇಲ್ಲದಾಗಲೂ ಹತ್ತಿದೆ. ಹದಿನಾಲ್ಕು ತಿಂಗಳು. ಡ್ಯೂಟಿ ಟೈಮಲ್ಲಿ."

"ಕಾಗದ ಇಲ್ಲದೆ ಯಾಕೆ ಹತ್ತಿದ್ರಿ?"

"ಕಾಗದ ಇಲ್ಲ ಅಂತ ಹೇಳೋಕೆ."

"ಯಾರಿಗೆ?"

ಭಾವ ಗದ್ದ ಎತ್ತಿ ಮೆಟ್ಟಿಲ ಕಡೆ ತೋರಿಸಿದರು. ಎರಡನೇ ಮೆಟ್ಟಿಲ ಮೇಲೆ, ಬಾಟಲಿ ಮಡಿಲಲ್ಲಿಟ್ಟುಕೊಂಡು ಅಕ್ಕ ಕೂತಿದ್ದಳು. ನಿಯಮದ ಮನುಷ್ಯನ ಕಿವಿ ಕೆಂಪಾಗಿತ್ತು.

"ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಮಗೆ?" ಎಂದಳು ಅಕ್ಕ.

"ನಿನಗೆ ಗೊತ್ತಿತ್ತಾ?"

"ಕೆಳಗಿನ ತಿರುವಲ್ಲಿ ಬೆಲ್ ಹೊಡೀತಿದ್ರಿ. ಅಲ್ಲಿಂದ ಇಲ್ಲಿಗೆ ನಿಮಗೆ ಹನ್ನೊಂದು ನಿಮಿಷ. ಅಷ್ಟರಲ್ಲಿ ನಾನು ಜಡೆ ಬಿಚ್ಚಿ, ಬಾಚಿ, ಮತ್ತೆ ಹೆಣೆದು ಮುಗಿಸ್ತಿದ್ದೆ. ಕಾಗದ ಇಲ್ಲ ಅನ್ನೋದನ್ನ ಕೇಳೋಕೆ ಯಾರಾದ್ರೂ ದಿನಾ ತಲೆ ಬಾಚ್ಕೋತಾರಾ?"

"ಮತ್ತೆ ಒಂದಿನಾನೂ ಹೇಳಲಿಲ್ವಲ್ಲೇ!"

"ಹೇಳಿದ್ರೆ ನಿಮ್ಮ ಆ ನಿಯಮದ ಗತಿ ಏನಾಗ್ಬೇಕಿತ್ತು? ಪಾಪ ಅಂತ ಸುಮ್ಮನಿದ್ದೆ."

ಭಾವ ಹೋಗಿ ಅವಳ ಪಕ್ಕದಲ್ಲಿ ಕೂತರು. ಮುಖ ಒರೆಸಿಕೊಂಡರು. ಬೆವರೇ ಇರಬೇಕು. ನಾನಾದರೋ ಎಲ್ಲ ಬಲ್ಲವನೆಂದು ಬೀಗುತ್ತಿದ್ದವನು ಬ್ರೇಕು ಬಿಟ್ಟು ಎದ್ದು ನಿಂತಿದ್ದೆ.

"ಅಂದ್ರೆ ಆ ಬಾಚಣಿಗೆ!" ಎಂದು ಕೂಗಿದೆ. ಯಾರೂ ನನ್ನ ಕಡೆ ನೋಡಲಿಲ್ಲ.

ಇಂಜಿನಿಯರಮ್ಮ ಫಾರಮ್ಮಿನಲ್ಲಿ ಏನೋ ಬರೆದರು, ತೋರಿಸಲಿಲ್ಲ. ಹದಿನೈದು ದಿನ ಬಿಟ್ಟು ನಕ್ಷೆ ಬಂತು. ಹಳದಿ ದಾರಿ ಅರ್ಧ ಗುಡ್ಡದಲ್ಲಿ ಬಲಕ್ಕೆ ತಿರುಗಿ ಮೆಟ್ಟಿಲು ಮುಟ್ಟಿ ವಾಪಸಾಗುತ್ತದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿದೆ: "ಈ ಏರು ಕಡ್ಡಾಯವಲ್ಲ. ಹೋಗಲೇಬೇಕು ಅನ್ನಿಸಿದವರಿಗೆ ಮಾತ್ರ."

ಈಗ ಭಾವ ಬೆಳಿಗ್ಗೆ ಎದ್ದು ಆ ದಾರಿಯ ಮುಳ್ಳು ಸವರಿ, ಹತ್ತು ಗಂಟೆಗೆ ಮನೆಗೆ ವಾಪಸಾಗುತ್ತಾರೆ. ಹೋದ ವಾರ ನಾನು ಅವರ ಮನೆಗೆ ಹೋಗಿದ್ದೆ. ಕಡಲ ಗಾಳಿಗೆ ನನ್ನ ಉಳಿದ ನಾಲ್ಕು ಕೂದಲೂ ಎದ್ದು ನಿಂತಿದ್ದವು. ಸರಿಮಾಡಿಕೊಳ್ಳೋಣವೆಂದು ಕನ್ನಡಿಯ ಹತ್ತಿರ ಹೋದರೆ ಬಾಚಣಿಗೆ ಅದರ ಜಾಗದಲ್ಲಿರಲಿಲ್ಲ. ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು. ಬೀದಿಯ ತಿರುವಿನಲ್ಲಿ ಸೈಕಲ್ ಬೆಲ್ ಕೇಳಿಸಿತು. ನಾನು ಅಂಗೈಯಲ್ಲೇ ತಲೆ ಸವರಿಕೊಂಡು ಹೊರಗೆ ಬಂದೆ.