ಅತ್ತೆ ‘ಅಪ್ಪುರಂ’ ಅನ್ನುವವರೆಗೆ

ನನ್ನ ಅತ್ತೆಗೆ ಕನ್ನಡ ಓದಲು ಬರುವುದಿಲ್ಲ. ತಮಿಳು ಅಕ್ಷರ ಕೂಡಿಸಿಕೊಂಡು ಓದುತ್ತಾರೆ, ತೆಲುಗಿನಲ್ಲಿ ಬೈಯುತ್ತಾರೆ, ಕನ್ನಡದಲ್ಲಿ ಸಂಸಾರ ಮಾಡುತ್ತಾರೆ. ಅವರ ತವರು ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್‌ಮನೆ. ಅಪ್ಪ ಗಣಿಗೆ ಇಳಿಯುತ್ತಿದ್ದವರು. ಮದುವೆಯಾಗಿ ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಗೆ ಬರುವಾಗ ಅವರು ತಂದದ್ದು ಒಂದು ಟ್ರಂಕು ಮತ್ತು ಪೇಪರ್ ಕೇಳುವ ಚಟ.

ಹೌದು, ಕೇಳುವ ಚಟ. ಲೈನ್‌ನಲ್ಲಿ ಇಡೀ ಸಾಲಿಗೆ ಒಂದೇ ಪೇಪರ್ ಬರುತ್ತಿತ್ತಂತೆ. ಪಾಳಿ ಮುಗಿಸಿ ಬಂದ ಗಂಡಸರು ಮೆಟ್ಟಿಲ ಮೇಲೆ ಕೂತರೆ, ಓದು ಬಲ್ಲವನೊಬ್ಬ ಗಟ್ಟಿಯಾಗಿ ಓದುತ್ತಿದ್ದ. ಅದಕ್ಕೊಂದು ಕಟ್ಟಳೆಯಿತ್ತು. ಒಂದು ಸುದ್ದಿ ಓದಿ ನಿಲ್ಲಿಸಬೇಕು. ಕೂತವರಲ್ಲಿ ಯಾರಾದರೂ ಆ ಸುದ್ದಿಗೆ ಒಂದು ಉತ್ತರ ಕೊಡಬೇಕು. ಎಲ್ಲರೂ ನಕ್ಕಾದ ಮೇಲೆ ಉತ್ತರ ಕೊಟ್ಟವನೇ ‘ಅಪ್ಪುರಂ?’ ಅನ್ನಬೇಕು. ಅಂದರೆ ತಮಿಳಿನಲ್ಲಿ ‘ಆಮೇಲೆ?’ ಅಂತ. ಅದು ಬಾಯಿಂದ ಬರುವವರೆಗೆ, ಸರ್ಕಾರವೇ ಬಿದ್ದಿದ್ದರೂ, ಮುಂದಿನ ಸುದ್ದಿ ಓದುವಂತಿರಲಿಲ್ಲ. ಹುಡುಗಿಯಾಗಿದ್ದ ಅತ್ತೆ ಬಾಗಿಲ ಹಿಂದೆ ನಿಂತು ಪಿಸುಗುಟ್ಟಿದ್ದನ್ನು ಅವರಪ್ಪ ತನ್ನದೇ ಅನ್ನುವ ಹಾಗೆ ಹೇಳಿ ನಗು ಗಿಟ್ಟಿಸುತ್ತಿದ್ದರಂತೆ.

ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಓದುವ ಕೆಲಸ ನನ್ನದಾಯಿತು. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನನಗೆ ಕೆಲಸ, ದಿನಾ ರೈಲಿನಲ್ಲಿ ಹೋಗಿ ಬರುವುದು. ಸಂಜೆ ಯಾರಾದರೂ ಸೀಟಿನಲ್ಲಿ ಬಿಟ್ಟುಹೋದ ಪೇಪರನ್ನು ಎತ್ತಿಕೊಂಡು ಬಂದು, ಕೊಟ್ಟಿಗೆಯಲ್ಲಿ ಬೂಸಾ ಮೂಟೆಯ ಮೇಲೆ ಕೂತು ಓದುತ್ತಿದ್ದೆ. ಅತ್ತೆ ಹಾಲು ಕರೆಯುತ್ತಾ ಕೇಳುತ್ತಿದ್ದರು.

ಹಳೆಯ ಗಣಿಯ ಮಣ್ಣುಗುಡ್ಡಗಳಲ್ಲಿ ಇನ್ನೂ ಚಿನ್ನ ಉಳಿದಿದೆಯೇ ಎಂದು ಡ್ರೋನ್ ಹಾರಿಸಿ ನೋಡುತ್ತಾರೆ ಎಂಬ ಸುದ್ದಿ ಓದಿದ ದಿನ ಅವರು ತಲೆಯನ್ನೂ ಎತ್ತದೆ ಅಂದರು, “ಮೇಲಿಂದ ನೋಡಿದ್ರೆ ಚಿನ್ನ ಕಾಣೋದಾಗಿದ್ರೆ ನಮ್ಮಪ್ಪ ಯಾಕಮ್ಮ ಕೆಳಗಿಳೀತಿದ್ದ?” ನಾನು ಮೂಟೆಯಿಂದ ಬೀಳುವ ಹಾಗೆ ನಕ್ಕೆ. ಅವರು ನಗಲಿಲ್ಲ. ನನ್ನ ನಗು ಮುಗಿಯುವವರೆಗೆ ಕಾದು, “ಅಪ್ಪುರಂ?” ಅಂದರು.

ಮೂರನೇ ಸಲ ಪಕ್ಷ ಬಿಟ್ಟ ಶಾಸಕನೊಬ್ಬ ‘ತವರಿಗೆ ಮರಳಿದ್ದೇನೆ’ ಅಂದಿದ್ದ. “ಮದ್ವೆಯಾಗಿ ಇಷ್ಟು ವರ್ಸ ಆಯ್ತು, ನಾನೇ ಇಷ್ಟು ಸಲ ತವರಿಗೆ ಓಗಿಲ್ಲ ಕಣಮ್ಮ. ಇವ್ನಿಗೆ ಯಾವ ಅತ್ತೆ ಕಾಟ?” ಚಾಲಕನಿಲ್ಲದ ಕಾರು ಬರುತ್ತದಂತೆ ಎಂದು ಓದಿದರೆ, “ನಮ್ಮೂರ ಬಸ್ಸಿಗೂ ಡ್ರೈವರಿಲ್ಲ. ಅದ್ಕೇ ಅದು ಬರಲ್ಲ.” ಚಂದ್ರನ ಮೇಲೆ ನೀರಿನ ಗುರುತು ಸಿಕ್ಕಿದಾಗ, “ಗುರುತು ನಮ್ಮ ಬೋರ್‌ವೆಲ್ಲಲ್ಲೂ ಸಿಕ್ಕಿತ್ತು. ನೀರು ಬಂದಾಗ ನಂಗೆ ಏಳು.”

ಇಂಥ ಮಾತುಗಳು ಕೊಟ್ಟಿಗೆಯಲ್ಲೇ ಸೆಗಣಿಯ ಜೊತೆ ಒಣಗಿಹೋಗುವುದನ್ನು ನೋಡಲಾರದೆ, ಬೆಳಗಿನ ರೈಲಿನಲ್ಲಿ ಫೋನು ತೆಗೆದು ಅದೇ ಸುದ್ದಿ ಹುಡುಕಿ, ಕೆಳಗೆ ಓದುಗರು ಬರೆಯುವ ಜಾಗದಲ್ಲಿ ಹಾಕತೊಡಗಿದೆ. ಖಾತೆಗೆ ಹೆಸರಿನ ಬದಲು ಒಂದು ಹಸುವಿನ ಚಿತ್ರವಿತ್ತು. ಆ ಜಾಗ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಅರ್ಧ ಜನ ಜಾತಿ ಕೇಳುತ್ತಾರೆ, ಉಳಿದರ್ಧ ದೇಶ ಬಿಟ್ಟು ಹೋಗು ಅನ್ನುತ್ತಾರೆ. ಆ ಸಂತೆಯಲ್ಲಿ ಅತ್ತೆಯ ಮಾತಿಗೆ ಮಾತ್ರ ಎರಡೂ ಕಡೆಯವರು ನಗುತ್ತಿದ್ದರು. ‘ಹಸು ಬಂದಿಲ್ವಾ ಇನ್ನೂ?’ ಎಂದು ಕಾಯುವವರಾದರು. ಒಬ್ಬರು, ‘ಸಾರ್, ನೀವು ಯಾವ ಪತ್ರಿಕೆಗೆ ಬರೀತೀರಾ?’ ಎಂದು ಕೇಳಿದ್ದರು. ಸಂಜೆ ಅದನ್ನು ಅತ್ತೆಗೆ ಓದಿ ಹೇಳಿದೆ.

“ಕೊಟ್ಟಿಗೆ ಪತ್ರಿಕೆಗೆ ಅಂತ ಏಳು. ಸಾರ್ ಅಂದ್ರಾ? ಅನ್ಲಿ ಬಿಡು. ಆಗ್ಲೂ ನನ್ನ ಮಾತು ನಮ್ಮಪ್ಪನ ಬಾಯಲ್ಲಿತ್ತು, ಈಗ ಹಸುವಿನ ಬಾಯಲ್ಲೈತೆ,” ಅಂದರು. ಆ ಸಂಜೆ ಅವರ ಮುಖ ನೋಡಬೇಕಿತ್ತು. ಹೊಸ ಸೀರೆ ಕೊಡಿಸಿದ್ದರೂ ಅಷ್ಟು ಅರಳುತ್ತಿರಲಿಲ್ಲ.

ಆಮೇಲೆ ಲ್ಯಾಬಿನಲ್ಲಿ ನನ್ನ ಕೆಲಸದ ಹೊತ್ತು ಬದಲಾಯಿತು. ನಾನು ಬರುವ ರೈಲು ಬಂಗಾರಪೇಟೆ ಮುಟ್ಟುವಾಗ ಹಾಲು ಡೈರಿ ಸೇರಿ, ಹಸುಗಳು ಮೆಲುಕು ಹಾಕುತ್ತಾ ಮಲಗಿರುತ್ತಿದ್ದವು. ನನ್ನ ಗಂಡ ಒಂದು ದಿನ ಓದಿ ನೋಡಿದರು. ಟೊಮೆಟೊ ರೇಟು, ಚಿನ್ನದ ರೇಟು ಓದಿ ಪೇಪರ್ ಮಡಚಿದರು. ಅವರ ಲೆಕ್ಕದಲ್ಲಿ ಜಗತ್ತು ಅಷ್ಟೇ. ಅತ್ತೆ ಬಾಯಿಬಿಟ್ಟು ಏನೂ ಕೇಳಲಿಲ್ಲ. ಆದರೆ ಒಂದು ಭಾನುವಾರ, “ಆ ತವರು ಮನೆ ಶಾಸಕ ಏನಾದ ಕಣಮ್ಮ?” ಎಂದು ಕೇಳಿದರು.

ನಾವು ಗಂಡ ಹೆಂಡತಿ ಕೂಡಿ ಯೋಚಿಸಿ ದಾರಿ ಕಂಡುಕೊಂಡೆವು. ನನ್ನ ಹಳೇ ಫೋನಿಗೆ ಸುದ್ದಿಯನ್ನು ತಾನೇ ಗಟ್ಟಿಯಾಗಿ ಓದಿ ಹೇಳುವ ಆ್ಯಪ್ ಹಾಕಿಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕೊಟ್ಟಿಗೆಯ ಮೊಳೆಗೆ ನೇತುಹಾಕಿದೆವು. ಒಂದಾದ ಮೇಲೊಂದು ಸುದ್ದಿ, ತಡವರಿಸದ ಕನ್ನಡ. ನನಗಿಂತ ಚೆನ್ನಾಗಿಯೇ ಓದುತ್ತಿತ್ತು. ಅತ್ತೆ ಫೋನಿನ ಹಿಂಬದಿ ತಿರುಗಿಸಿ ನೋಡಿ, “ಬಲೇ,” ಅಂದರು. ನಮಗೆ ಭಾರ ಇಳಿದ ಹಾಗಾಯಿತು.

ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ, “ಅತ್ತೆ, ನಿನ್ನೆ ಏನಾದ್ರೂ ಹೇಳಿದ್ರಾ?” ಎಂದು ಕೇಳುತ್ತಿದ್ದೆ. ಮೊದಮೊದಲು ಒಂದೆರಡು ಸಿಕ್ಕವು. ಬರಬರುತ್ತಾ, “ಏನೂ ಇಲ್ಲ ಕಣಮ್ಮ, ಎಲ್ಲಾ ಹಳೇದೇ,” ಅನ್ನತೊಡಗಿದರು. ವಯಸ್ಸಾಯಿತು, ಮಂಕಾಗುತ್ತಿದ್ದಾರೆ ಎಂದುಕೊಂಡೆ. ಅತ್ತೆಯ ಮಾತಿಲ್ಲದೆ ಹಸುವಿನ ಖಾತೆಗೆ ನಾನೇ ಏನೋ ಹೊಸೆದು ಹಾಕಿದೆ. ಕೆಳಗೆ ಒಬ್ಬರು, ‘ಸಾರ್, ಇವತ್ತು ಉಪ್ಪು ಕಡಿಮೆ,’ ಎಂದು ಬರೆದರು. ಕೋಪ ಬಂತು, ಆದರೆ ಅವರು ಹೇಳಿದ್ದು ನಿಜ.

ಒಂದು ದಿನ ಲ್ಯಾಬಿನಲ್ಲಿ ಕರೆಂಟು ಕೈಕೊಟ್ಟು ನಮ್ಮನ್ನು ಬೇಗ ಬಿಟ್ಟರು. ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಕೊಟ್ಟಿಗೆಯಿಂದ ಫೋನಿನ ದನಿ ಕೇಳುತ್ತಿತ್ತು. ಭಾಷಣ ಬರೆದುಕೊಡುವ ಯಂತ್ರವನ್ನು ರಾಜಕಾರಣಿಗಳು ಬಳಸತೊಡಗಿದ್ದಾರೆ ಎಂಬ ಸುದ್ದಿ. ಅದು ಮುಗಿಯುತ್ತಿದ್ದಂತೆ ಅತ್ತೆಯ ದನಿ ಬಂತು.

“ಆಗ ಯಾರೋ ಬರ್ಕೊಡ್ತಿದ್ದ, ಇವ್ರು ಓದ್ತಿದ್ರು. ಈಗ್ಲೂ ಇವ್ರು ಓದ್ತಾರೆ. ಕೆಲ್ಸ ಓಗಿದ್ದು ಆ…”

“ಮುಂದಿನ ಸುದ್ದಿ,” ಅಂದಿತು ಫೋನು.

ಅದು ಈರುಳ್ಳಿ ಬೆಲೆ ಓದತೊಡಗಿತು. ‘ಕೆಲ್ಸ ಓಗಿದ್ದು ಆ ಬರ್ಕೊಡ್ತಿದ್ದೋನ್ದು, ಪಾಪ’ ಎಂದು ಇರಬೇಕು ಮಾತಿನ ಕೊನೆ. ನಾನು ಊಹಿಸಿಕೊಂಡದ್ದು ಅಷ್ಟೆ. ಅವರು ಮುಗಿಸಲಿಲ್ಲ. ಈರುಳ್ಳಿಗೆ ಅವರು ಬಾಯಿ ತೆರೆದದ್ದು ಗೋಡೆಯ ಸಂದಿನಿಂದ ಕಾಣಿಸಿತು. ಅಷ್ಟರಲ್ಲಿ ಅದೂ ಮುಗಿದು ಕ್ರಿಕೆಟ್ ಬಂತು. ಅತ್ತೆ ಬಾಯಿ ಮುಚ್ಚಿ ಹಸುವಿನ ಹೊಟ್ಟೆಗೆ ಹಣೆ ಆನಿಸಿ ಹಾಲು ಕರೆದರು.

ನಾನು ಚಪ್ಪಲಿ ಬಿಡುವುದನ್ನೂ ಮರೆತು ಅಲ್ಲೇ ನಿಂತೆ. ಅತ್ತೆಗೆ ಸುದ್ದಿ ಬೇಕೆಂದು ನಾವು ತಿಳಿದಿದ್ದೆವು. ಅವರಿಗೆ ಬೇಕಿದ್ದದ್ದು ಸುದ್ದಿ ಮುಗಿದ ಮೇಲಿನ ಆ ನಿಲುಗಡೆ. ಯಾರೋ ಒಬ್ಬರು ಪೇಪರ್ ಕೆಳಗಿಳಿಸಿ ಅವರ ಮುಖ ನೋಡುತ್ತಾ ಕೂರುವುದು. ಇದನ್ನು ಅವರೇ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ಸಿಟ್ಟೂ ಬಂತು. ಹೇಗೆ ಹೇಳುತ್ತಾರೆ? ಪ್ರೀತಿಯಿಂದ ತಂದು ಮೊಳೆಗೆ ನೇತುಹಾಕಿದ್ದನ್ನು ತೆಗೆದುಹಾಕಿ ಎನ್ನುವ ಪೈಕಿಯಲ್ಲ ಅವರು.

ಇದನ್ನು ಸರಿಮಾಡಬೇಕೆಂದು ಲ್ಯಾಬಿನ ಮೇಲಿನವರನ್ನು ಕಾಡಿ ಬೇಡಿ ನನ್ನ ಹಳೇ ಹೊತ್ತನ್ನೇ ವಾಪಸು ಪಡೆಯುವಷ್ಟರಲ್ಲಿ ಮಾವಿನ ಕಾಲ ಕಳೆದು ಅವರೆಕಾಯಿ ಬಂದಿತ್ತು. ಮೊದಲ ಸಂಜೆ ರೈಲಿನಿಂದ ಪೇಪರ್ ತಂದೆ, ಫೋನು ಮೊಳೆಯಿಂದ ಇಳಿಸಿದೆ, ಬೂಸಾ ಮೂಟೆಯ ಮೇಲೆ ಕೂತೆ. ಅತ್ತೆ ನಕ್ಕು, “ಬಂದ್ಯಾ,” ಅಂದರು, ಕೆಚ್ಚಲಿಗೆ ನೀರು ಹಾಕಿ ತೊಳೆದರು.

ದೇವರು ದೊಡ್ಡವನು, ಮುಖಪುಟದಲ್ಲೇ ಆ ಶಾಸಕ ಮತ್ತೊಂದು ಸಲ ಪಕ್ಷ ಬಿಟ್ಟಿದ್ದ. ಅತ್ತೆಯ ಮಾತಿಗೆ ಇದಕ್ಕಿಂತ ಬಲಿತ ಕಾಯಿ ಯಾವುದಿದೆ? ಆಸೆಯಿಂದ, ಒಂದಕ್ಷರವನ್ನೂ ಬಿಡದೆ ಓದಿ ನಿಲ್ಲಿಸಿದೆ. ಪೇಪರ್ ಕೆಳಗಿಳಿಸಿ ಅವರ ಮುಖ ನೋಡಿದೆ. ಬಕೆಟ್ಟಿಗೆ ಹಾಲು ಬೀಳುವ ಸದ್ದೊಂದೇ ಕೇಳುತ್ತಿತ್ತು. ನಾನು ಕಾದೆ. ಅವರೂ ಕಾಯುತ್ತಿದ್ದರು.

ಕೊನೆಗೆ ಅತ್ತೆ ಹಸುವಿನ ಹೊಟ್ಟೆಯಿಂದ ಹಣೆ ಎತ್ತದೆಯೇ ಕೇಳಿದರು, “ಯಾಕೆ ನಿಂತೋಯ್ತು? ಚಾರ್ಜು ಮುಗೀತಾ?”

ತಮಾಷೆಗೆ ಅಂದರು ಎಂದುಕೊಂಡು ಜೋರಾಗಿ ನಕ್ಕೆ. ಅತ್ತೆ ನನ್ನ ಕಡೆ ತಿರುಗಿ, ಇದರಲ್ಲಿ ನಗುವುದೇನಿದೆ ಎಂದು ನೋಡಿದರು. ನಾನು ಪೇಪರ್ ಎತ್ತಿಕೊಂಡು, ‘ಅಪ್ಪುರಂ’ಗೆ ಕಾಯದೆ ಮುಂದಿನ ಸುದ್ದಿ ಓದಿದೆ.