ಕಮಾನಿಗೆ ಎಣ್ಣೆ

ಹೊಲಿಗೆ ಕಾರ್ಖಾನೆಯ ಮೆಷಿನ್‌ಗಳನ್ನು ರಿಪೇರಿ ಮಾಡುವ ಈ ಮಹಾಶಯನನ್ನು ಎಲ್ಲರೂ ಕರೆಯುವುದು ಮೆಕ್ಯಾನಿಕ್ಕು ಎಂದೇ. ಮನೆಯಲ್ಲೂ ಅಷ್ಟೇ, ಸಿಟ್ಟು ಬಂದಾಗ ಮಾತ್ರ ಹೆಂಡತಿ ‘ರೀ’ ಅನ್ನುತ್ತಾಳೆ. ದಿನವಿಡೀ ನೂರಾರು ಮೆಷಿನ್‌ಗಳ ಗದ್ದಲದಲ್ಲಿ ಕಿವಿ ಸವೆಸಿಕೊಂಡು ಬರುವ ಅವನು ಸಂಜೆ ಮನೆಯಿಂದ ಬಯಸುತ್ತಿದ್ದದ್ದು ಒಂದೇ: ಸದ್ದಿಲ್ಲದ ಒಂದು ಗಂಟೆ. ಆ ಒಂದು ಗಂಟೆಯನ್ನು ಅವನೇ ಕೈಯಾರೆ ಕಳೆದುಕೊಂಡ. ಕೈಯಾರೆ ಅನ್ನುವುದಕ್ಕಿಂತ ಬಾಯಾರೆ ಅನ್ನಬೇಕು.

ಆದದ್ದಿಷ್ಟು. ಹೆಂಡತಿಯ ಅಣ್ಣ ವಾದ್ಯಗೋಷ್ಠಿಯೊಂದರಲ್ಲಿ ಪಿಟೀಲು ನುಡಿಸಿಕೊಂಡಿದ್ದವರು. ಲಕ್ವ ಹೊಡೆದು ಎಡಗೈ ಬೆರಳುಗಳು ಮಾತು ಕೇಳದಾದ ಮೇಲೆ ತಂಗಿಯ ಮನೆಯ ಮುಂದಿನ ಕೋಣೆಗೆ ಬಂದು ಸೇರಿದರು. ಪಿಟೀಲಿನ ಪೆಟ್ಟಿಗೆ ಬೀರುವಿನ ಮೇಲೆ ಸೇರಿತು. ಭಾವ ಗಡ್ಡ ಬೋಳಿಸಲಿಲ್ಲ, ತಲೆ ಬಾಚಲಿಲ್ಲ, ಗೋಡೆ ನೋಡುತ್ತ ಕೂತರು. ಒಂದು ಸಂಜೆ ಆ ಮೌನ ತಡೆಯಲಾರದೆ ಮೆಕ್ಯಾನಿಕ್ಕು, ಏನೋ ಒಂದು ಹೇಳಬೇಕಲ್ಲ ಅಂತ, “ನಿಮ್ಮ ಹಾಗೆ ನುಡಿಸೋಕೆ ಬಂದಿದ್ರೆ ನನಗಿನ್ನೇನು ಬೇಕಿತ್ತು ಭಾವ!” ಅಂದುಬಿಟ್ಟ.

ಭಾವ ಅವನ ಕಡೆ ತಿರುಗಿದರು. “ಹಾಗಾದ್ರೆ ಆ ಪೆಟ್ಟಿಗೆ ಇಳಿಸು.”

ನಮ್ಮಂಥ ಮೆದುಗರುಳಿನವರೆಲ್ಲ ಸಿಕ್ಕಿಬೀಳುವುದು ಹೀಗೆಯೇ. ಮರುದಿನದಿಂದ ಭಾವ ಮಧ್ಯಾಹ್ನವೇ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು, ಕುರ್ಚಿಯಲ್ಲಿ ಸಿದ್ಧರಾಗಿ ಕಾಯತೊಡಗಿದರು. ಮೆಕ್ಯಾನಿಕ್ಕು ಸೈಕಲ್ ತುಳಿಯುತ್ತ ದಾರಿಯುದ್ದಕ್ಕೂ ‘ಭಾವ, ನನ್ನ ಕೈಲಿ ಆಗಲ್ಲ’ ಎಂಬ ವಾಕ್ಯವನ್ನು ಬಗೆಬಗೆಯಾಗಿ ಅಭ್ಯಾಸ ಮಾಡಿ ಬರುತ್ತಿದ್ದ. ಬಾಗಿಲಲ್ಲಿ ಆ ಇಸ್ತ್ರಿ ಅಂಗಿ ಕಂಡದ್ದೇ ವಾಕ್ಯ ಗಂಟಲಿಗಿಳಿದು ಕೂರುತ್ತಿತ್ತು.

“ಅಣ್ಣ ಈಗ ಎರಡು ಸಲ ಅನ್ನ ಹಾಕಿಸ್ಕೋತಾನೆ. ಏನಾದ್ರೂ ಬಾಯಿ ಬಿಟ್ಟೀರಿ, ನೋಡಿ ರೀ!” ಅಂದಳು ಹೆಂಡತಿ.

“ಎಳಿ,” ಅನ್ನುವರು ಭಾವ. “ಕಮಾನು ನೆಟ್ಟಗೆ. ಗರಗಸ ಅಲ್ಲಯ್ಯ ಅದು!”

ಮೆಕ್ಯಾನಿಕ್ಕು ಎಳೆಯುವನು. ಗದ್ದದ ಕೆಳಗೆ ಪಿಟೀಲು, ಒಂದು ಕಡೆ ಗೋಡೆ, ಇನ್ನೊಂದು ಕಡೆ ಭಾವ, ಅಲ್ಲಾಡಲೂ ಜಾಗವಿಲ್ಲ. ತಂತಿಯಿಂದ ಬರುತ್ತಿದ್ದ ಸದ್ದು ಕೇಳಿದ ಮಗಳು ಓದುವ ನೆಪದಲ್ಲಿ ಗೆಳತಿಯ ಮನೆಗೆ ಓಡುತ್ತಿದ್ದಳು. ಪಕ್ಕದ ಮನೆಯ ಅಜ್ಜಿ ಒಂದು ದಿನ ಕಿಟಕಿಯಿಂದಲೇ ವಿಚಾರಿಸಿದರು:

“ಅಲ್ಲಪ್ಪಾ, ಬೀದಿಯೋರ ಬಾಗಿಲೆಲ್ಲ ಕಿರುಗುಟ್ಟದ ಹಾಗೆ ಮಾಡ್ಕೊಟ್ಟೆ. ನಿನ್ನ ಮನೇದನ್ನ ಯಾಕೆ ಹಾಗೇ ಬಿಟ್ಟಿದೀಯ?”

ಆ ಮಾತು ಅವನ ತಲೆಯಲ್ಲಿ ಕೂತಿತ್ತೋ ಏನೋ. ಒಂದು ಸಂಜೆ ಭಾವ ಇನ್ನೂ ಬಚ್ಚಲಲ್ಲಿದ್ದರು. ಮೆಕ್ಯಾನಿಕ್ಕು ಒಬ್ಬನೇ ಕಮಾನು ಎಳೆದ. ಕಿರ್ರೆಂದಿತು. ಮೂವತ್ತು ವರ್ಷದ ಅಭ್ಯಾಸ ನೋಡಿ, ಕಿರ್ರೆಂದ ಕಡೆಗೆ ಅವನ ಕೈ ತಾನಾಗಿಯೇ ಜೇಬಿನ ಎಣ್ಣೆಡಬ್ಬಿ ಎತ್ತಿಕೊಂಡು ಹೋಗುತ್ತದೆ. ಕಮಾನಿನ ಕೂದಲಿಗೆ ನಾಲ್ಕು ಹನಿ ಬಿಟ್ಟು, ಉದ್ದಕ್ಕೂ ಬೆರಳಾಡಿಸಿ ಒರೆಸಿತು. ತಲೆಗೆ ಸುದ್ದಿ ಮುಟ್ಟುವಷ್ಟರಲ್ಲಿ ಕೆಲಸ ಮುಗಿದಿತ್ತು. ಮತ್ತೆ ಎಳೆದ. ಬೆಣ್ಣೆಯ ಮೇಲೆ ಜಾರಿದಂತೆ ಕಮಾನು ಜಾರಿತು. ಸದ್ದೇ ಇಲ್ಲ.

ಭಾವ ಬಂದು ಕೂತರು. “ಎಳಿ.”

ಎಳೆದ.

“ಎಳಿ ಅಂದ್ನಲ್ಲ?”

“ಎಳೀತಾನೇ ಇದೀನಿ ಭಾವ.”

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: “ಇವತ್ತು ಎಷ್ಟು ಹಿತವಾಗಿದೆ ಮೆಕ್ಯಾನಿಕ್ಕೇ! ಕೈ ಕುದುರಿಬಿಡ್ತು!”

ಭಾವ ಬಲಗೈ ಚಾಚಿ ಕಮಾನು ಇಸಿದುಕೊಂಡು ಮೂಸಿದರು. “ಏನು ಹಾಕಿದೆ?”

“ಮೆಷಿನ್ ಎಣ್ಣೆ. ಒಳ್ಳೇ ಮಾಲು, ಬಟ್ಟೆ ಮೇಲೆ ಬಿದ್ರೂ ಕಲೆಯಾಗಲ್ಲ.”

“ಅಯ್ಯೋ ಪುಣ್ಯಾತ್ಮ! ಕೂದಲು ತಂತೀನ ಹಿಡೀಬೇಕಯ್ಯ. ಹಿಡೀಲಿ ಅಂತಲೇ ದಿನಾ ಈ ರಾಳದ ಉಂಡೆ ಉಜ್ಜೋದು. ನೀನು ಜಾರೋ ಹಾಗೆ ಮಾಡಿಟ್ಟಿದೀಯ!” ಭಾವ ಕಮಾನನ್ನು ಪೆಟ್ಟಿಗೆಯಲ್ಲಿ ಮಲಗಿಸಿದರು. ಗೋಡೆಯ ಕಡೆ ತಿರುಗಿ, “ಹೋಗ್ಲಿ ಬಿಡು. ಇದಿನ್ನು ರಿಪೇರಿ ಆಗಲ್ಲ. ನಿನಗೂ ಸಾಕಾಗಿದೆ, ನನಗೆ ಗೊತ್ತು. ನಿಲ್ಲಿಸಿಬಿಡೋಣ,” ಅಂದರು.

ಪಾರಾಗುವ ಬಾಗಿಲು ಹಾರು ಹೊಡೆದು ತೆರೆದಿತ್ತು. ‘ಸರಿ ಭಾವ’ ಅಂದರೆ ಮುಗಿಯಿತು. ಬಾಕಿ ಆಯುಷ್ಯದ ಸಂಜೆಗಳೆಲ್ಲ ಅವನವೇ. ಮೆಕ್ಯಾನಿಕ್ಕು ಅದನ್ನೇ ಹೇಳಲು ಬಾಯಿ ತೆರೆದ. ಆದರೆ ಯಾವ ಮಾತನ್ನು ಅವನು ಜನ್ಮದಲ್ಲಿ ಸಹಿಸಿದವನಲ್ಲವೋ ಅದೇ ಮಾತು ಕಿವಿಗೆ ಬಿದ್ದಿತ್ತು.

“ಆಗಲ್ವಾ? ಯಾರು ಹೇಳಿದ್ದು ಆಗಲ್ಲ ಅಂತ?” ಅಂದುಬಿಟ್ಟ.

ಅಷ್ಟೇ. ಸಾಮಾನಿನ ಚೀಲ ಬಂತು. ಜಿಡ್ಡು ತೆಗೆಯುವ ಸ್ಪಿರಿಟ್ ಬಂತು, ಹಳೆಯ ಪಂಚೆಯ ಚೂರು ಬಂತು. ಅವನು ನೆಲದಲ್ಲಿ ಕೂತು, ಎಣ್ಣೆ ಕುಡಿದ ಕೂದಲನ್ನು ಚೂರುಚೂರೇ ಒರೆಸತೊಡಗಿದ.

“ಕೋಲಿಗೆ ತಾಗಿಸಬೇಡ, ವಾರ್ನಿಶ್ ಎದ್ದುಹೋಗುತ್ತೆ,” ಅಂದರು ಭಾವ, ಕುರ್ಚಿಯಿಂದ ಬಗ್ಗಿ.

“ಅದಕ್ಕೇ ಬಟ್ಟೆ ಸುತ್ತಿದೀನಲ್ಲ. ನನಗೆ ಹೇಳಿಕೊಡ್ತೀರಾ?”

ಮಗಳು ಮನೆಗೆ ಬಂದವಳು ಬಾಗಿಲಲ್ಲೇ ನಿಂತು ನೋಡಿದಳು. “ಅಪ್ಪಾ, ಹಾಳಾಗಿದ್ರೆ ಹಾಳಾಗಿರಲಿ ಬಿಡಪ್ಪ!” ಅಂದಳು ಅಂಗಲಾಚುತ್ತ. ಅಪ್ಪನಿಗೆ ಕೇಳಿಸಲಿಲ್ಲ. ಕೆಲಸದಲ್ಲಿ ಮುಳುಗಿದ ಅವನಿಗೆ ಎಂದೂ ಏನೂ ಕೇಳಿಸಿದ್ದಿಲ್ಲ.

ಕೂದಲು ಒಣಗಿತು. ರಾಳ ಉಜ್ಜಿದ. ಪಿಟೀಲನ್ನು ಗದ್ದಕ್ಕೊತ್ತಿ ಒಂದು ಎಳೆತ ಎಳೆದ. ಗೋಡೆಯಾಚೆ ಅಜ್ಜಿ ‘ಅಯ್ಯಯ್ಯೋ’ ಅನ್ನುವಷ್ಟು ಜೋರಾಗಿ, ಮೊದಲಿಗಿಂತ ಚೆನ್ನಾಗಿ ಕಿರ್ರೆಂದಿತು.

“ನೋಡಿ! ಆಗಲ್ಲ ಅಂದ್ರಲ್ಲ!” ಮೆಕ್ಯಾನಿಕ್ಕು ಬೀಗಿದ. ಬೀಗುತ್ತಿರುವಾಗಲೇ ತಾನೇನು ಮಾಡಿಕೊಂಡೆ ಎಂಬುದು ಹೊಳೆದು, ಎತ್ತಿದ ಕೈ ಎತ್ತಿದ ಹಾಗೆಯೇ ನಿಂತಿತು.

ಭಾವನ ಬಾಯಿ ನಗುವುದು ಈಗ ಒಂದೇ ಪಕ್ಕಕ್ಕೆ. ಆ ಪಕ್ಕ ನಿಧಾನಕ್ಕೆ ಅರಳಿತು. ಅವರು ಬಲಗೈ ಚಾಚಿದರು.

“ಮೊದಲು ಆ ಎಣ್ಣೆಡಬ್ಬಿ ಇಲ್ಲಿ ಕೊಡು.”

ಮೆಕ್ಯಾನಿಕ್ಕು ಜೇಬಿನಿಂದ ತೆಗೆದು ಕೊಟ್ಟ. ಭಾವ ಅದನ್ನು ಇಸ್ತ್ರಿ ಅಂಗಿಯ ಜೇಬಿಗಿಳಿಸಿ, ಮೇಲಿಂದ ಒಮ್ಮೆ ತಟ್ಟಿ, ನೆಟ್ಟಗೆ ಕೂತರು.

“ಹಾಂ. ಈಗ ಎಳಿ.”